ಒಂದು ತುತ್ತಿನ ಜಾಮೂನು

ನನ್ನ ಸೋದರಮಾವ ಶಿವಮೊಗ್ಗ, ಸಾಗರದ ಕಡೆ ಮದುವೆ ಅಡುಗೆ ಹಿಡಿಯುತ್ತಿದ್ದರು. ಎಪ್ಪತ್ತರ ದಶಕದ ಮಾತು. ಒಪ್ಪಂದವೆಲ್ಲ ಕೂಲಿಗಷ್ಟೇ, ಸಾಮಾನು ಹೆಣ್ಣಿನ ಕಡೆಯವರದು. ಮಾವ ಬರೆದುಕೊಡುವ ಪಟ್ಟಿಯಲ್ಲಿ ಸಿಹಿ ಇರುತ್ತಿದ್ದುದು ತೂಕದಲ್ಲಿ: ಕಡಲೆಬೇಳೆ ಇಷ್ಟು, ಬೆಲ್ಲ ಇಷ್ಟು, ತುಪ್ಪ ಇಷ್ಟು ಡಬ್ಬಿ. ಸಕ್ಕರೆ ನಿಯಂತ್ರಣವಿದ್ದ ವರ್ಷಗಳಲ್ಲಿ ಲಗ್ನಪತ್ರಿಕೆ ಹಿಡಿದು ತಾಲೂಕು ಕಚೇರಿಗೆ ಅಲೆದು ಪರ್ಮಿಟ್ ತರಬೇಕಿತ್ತು. ಹಾಗಾಗಿ ಯಾವ ಸಿಹಿ ಎಂಬ ಚರ್ಚೆಗೆ ಹೆಚ್ಚು ಜಾಗವಿರಲಿಲ್ಲ. ಹೋಳಿಗೆ ಒಂದು, ಲಾಡೋ ಜಿಲೇಬಿಯೋ ಇನ್ನೊಂದು, ಕೊನೆಗೆ ಪಾಯಸ. ಅಲ್ಲಿಗೆ ಮುಗಿಯಿತು.

ಮಾವನ ಮಗ ಈಗ ಬೆಂಗಳೂರಿನಲ್ಲಿ ಕೇಟರಿಂಗ್ ನಡೆಸುತ್ತಾನೆ. ಅವನ ಪಟ್ಟಿಯಲ್ಲಿ ಎಲ್ಲವೂ ಪೀಸ್ ಲೆಕ್ಕ. ಮಿನಿ ಜಾಮೂನು, ಅಂಗೂರಿ ರಸಮಲಾಯ್, ರೂಪಾಯಿ ಅಗಲಕ್ಕಿಂತ ಸ್ವಲ್ಪ ದೊಡ್ಡ ಹೋಳಿಗೆ, ಪುಟ್ಟ ಗ್ಲಾಸಿನಲ್ಲಿ ಕ್ಯಾರೆಟ್ ಹಲ್ವ, ಅದರ ಪಕ್ಕ ಚಾಕೊಲೇಟ್ ಮೂಸ್. ಆರತಕ್ಷತೆ ಸಂಜೆಯದಾದರೂ ಗ್ಲಾಸು ತುಂಬುವ ಕೆಲಸ ಮಧ್ಯಾಹ್ನವೇ ಶುರು. ಹುಡುಗರು ಉದ್ದನೆಯ ಮೇಜಿನ ಮೇಲೆ ಗ್ಲಾಸು ಸಾಲಾಗಿಟ್ಟು, ಒಬ್ಬ ಹಲ್ವ ಹಾಕುತ್ತ ಹೋದರೆ ಹಿಂದಿನವನು ಪಿಸ್ತಾ ಚೂರು ಉದುರಿಸುತ್ತಾನೆ, ಮೂರನೆಯವನು ಅಂಚಿಗೆ ಮೆತ್ತಿದ್ದನ್ನು ಬಟ್ಟೆಯಿಂದ ಒರೆಸುತ್ತಾನೆ. ಆ ಒರೆಸುವವನು ಇಲ್ಲದಿದ್ದರೆ ಫೋಟೋದಲ್ಲಿ ಮಾನ ಹೋಗುತ್ತದಂತೆ.

ಶ್ಯಾವಿಗೆ ಪಾಯಸವನ್ನೂ ಹೀಗೆ ಗ್ಲಾಸಿಗಿಳಿಸಲು ನೋಡಿದ್ದ. ಶ್ಯಾವಿಗೆ ನಿಂತಷ್ಟೂ ಹಾಲು ಕುಡಿಯುತ್ತದೆ. ರಾತ್ರಿ ಎಂಟರ ಹೊತ್ತಿಗೆ ಗ್ಲಾಸು ತಲೆಕೆಳಗೆ ಮಾಡಿದರೂ ಬೀಳದ ಹಾಗೆ ಗಟ್ಟಿ. ಈಗ ಅದರ ಜಾಗಕ್ಕೆ ಗಸಗಸೆ ಪಾಯಸ ಬಂದಿದೆ. ಅದು ಮೊದಲಿನಿಂದಲೂ ಲೋಟದ್ದೇ, ಸಣ್ಣ ಗ್ಲಾಸಿಗೆ ಚೆನ್ನಾಗಿ ಒಗ್ಗಿತು.

ಹಳೆಯದೆಲ್ಲ ಬಂಗಾರ ಎನ್ನುವ ಗುಂಪಿನವನು ನಾನಲ್ಲ. ಆಗಿನ ಪಂಕ್ತಿಯಲ್ಲಿ ಉಪಚಾರದ ಹೆಸರಿನಲ್ಲಿ ನಡೆಯುತ್ತಿದ್ದುದು ಸಣ್ಣ ಜುಲುಮೆಯೇ. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಹೋಳಿಗೆ ಬೀಳುತ್ತಿತ್ತು. ಪಂಥ ಕಟ್ಟಿ ತಿನ್ನುವವರ ಸುತ್ತ ಒಂದು ಗುಂಪು, ಅವರ ಎಲೆಗೆ ತುಪ್ಪ ಸುರಿಯಲು ಇನ್ನೊಂದು. ಕಡೇ ಪಂಕ್ತಿ ಅಡುಗೆಯವರಿಗೆ, ಬಡಿಸಿ ದಣಿದವರಿಗೆ ಮತ್ತು ಮನೆಯ ಹೆಂಗಸರಿಗೆ. ಅವರ ಪಾಲಿಗೆ ಬರುತ್ತಿದ್ದುದು ಒಡೆದ ಲಾಡಿನ ಪುಡಿ, ತಳ ಹಿಡಿದ ಪಾಯಸ. ಇವತ್ತು ಗ್ಲಾಸು ಎತ್ತಿಕೊಳ್ಳುವವರು ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸಕ್ಕರೆ ಕಾಯಿಲೆಯವರು ಯಾರಿಗೂ ವಿವರಣೆ ಕೊಡದೆ ಒಂದನ್ನು ತಿಂದು ಸುಮ್ಮನಾಗಬಹುದು. ಇವೆರಡೂ ಸಣ್ಣ ಲಾಭಗಳಲ್ಲ.

ರುಚಿಯ ವಿಷಯದಲ್ಲೂ ಜಾಮೂನಿಗೆ ಸಣ್ಣದಾದದ್ದೇ ಒಳ್ಳೆಯದಾಯಿತು. ದೊಡ್ಡ ಉಂಡೆಯನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಕರಿಯದಿದ್ದರೆ ಹೊರಗೆ ಕಪ್ಪು, ನಡುವೆ ಹಿಟ್ಟಿನ ಗಂಟು. ಮದುವೆಮನೆಯ ಅವಸರದಲ್ಲಿ ಅಷ್ಟು ತಾಳ್ಮೆ ಯಾರಿಗಿತ್ತು? ಗೋಲಿಯಷ್ಟು ಜಾಮೂನು ಬೇಗ ಬೇಯುತ್ತದೆ, ಪಾಕ ನಡುಮಧ್ಯದವರೆಗೂ ಇಳಿಯುತ್ತದೆ.

ಹೋಳಿಗೆಯ ಕಥೆ ಬೇರೆ. ಹೂರಣ ತುಂಬಿ ಲಟ್ಟಿಸಿದಾಗ ಅಂಚಿನಲ್ಲಿ ಬರೀ ಕಣಕದ ಒಂದು ಪಟ್ಟಿ ಉಳಿಯುತ್ತದೆ. ಅಂಗೈಗಿಂತ ದೊಡ್ಡ ಹೋಳಿಗೆಯಲ್ಲಿ ಅದು ಲೆಕ್ಕಕ್ಕಿಲ್ಲ. ಮಿನಿ ಹೋಳಿಗೆಯಲ್ಲಿ ಆ ಪಟ್ಟಿಯೇ ಮುಕ್ಕಾಲು. ಬೇಗ ಆರಿ, ಒಣಗಿ, ಕೌಂಟರಿಗೆ ಬರುವಷ್ಟರಲ್ಲಿ ಬಿಸ್ಕತ್ತು. ಚಿರೋಟಿಗೆ ಆದದ್ದು ಇನ್ನೂ ಅನ್ಯಾಯ. ಎಲೆಯ ಮೇಲೆ ಅದನ್ನು ಪುಡಿ ಮಾಡಿ, ಸಕ್ಕರೆ ಹಾಕಿಸಿಕೊಂಡು, ಬಾದಾಮಿ ಹಾಲು ಬಿದ್ದ ತಕ್ಷಣ, ಪದರದ ಗರಿಗರಿ ಹೋಗುವ ಮೊದಲೇ ಬಾಯಿಗೆ ಹಾಕಬೇಕು. ಗ್ಲಾಸಿನಲ್ಲಿ ಮೊದಲೇ ಹಾಲು ಸುರಿದು ಇಟ್ಟ ಮಿನಿ ಚಿರೋಟಿ ಸಂಜೆಗೆ ಮೈದಾ ಗಂಜಿ. ಅದನ್ನು ಡೆಸರ್ಟ್ ಎಂದು ಕರೆದು ಹೆಚ್ಚು ದುಡ್ಡು ಕೇಳುತ್ತಾರೆ.

ಸಣ್ಣದು ಮಾಡಿದರೆ ಪೋಲಾಗುವುದು ತಪ್ಪುತ್ತದೆ ಎನ್ನುವವರಿದ್ದಾರೆ. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ನಗರದ 75 ಕಲ್ಯಾಣ ಮಂಟಪಗಳ ಸಮೀಕ್ಷೆ ಮಾಡಿ, ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಆಹಾರ ಹಾಳಾಗುತ್ತಿದೆ ಎಂದು ಅಂದಾಜಿಸಿದ್ದರು. ಬಗೆ ಹೆಚ್ಚಾದಷ್ಟೂ ಉಳಿಕೆ ಹೆಚ್ಚು ಎಂಬುದು ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತ ಯಾರಿಗಾದರೂ ಕಾಣುತ್ತದೆ. ಲಾಡು ಉಳಿದರೆ ಮರುದಿನ ನೆಂಟರ ಚೀಲ ಸೇರುತ್ತಿತ್ತು, ವಾರವಿದ್ದರೂ ಕೆಡುತ್ತಿರಲಿಲ್ಲ. ಕೆನೆ ಹಾಕಿದ ಗ್ಲಾಸು ಆ ರಾತ್ರಿಯೇ ಬಕೆಟ್ಟಿಗೆ. ಅದರ ಜೊತೆ ಗ್ಲಾಸು, ಚಮಚೆ. ರಾಜ್ಯದಲ್ಲಿ 2016ರಲ್ಲಿ, ದೇಶದಲ್ಲಿ 2022ರ ಜುಲೈಯಲ್ಲಿ ಪ್ಲಾಸ್ಟಿಕ್ ಚಮಚೆ, ಲೋಟಗಳಿಗೆ ನಿಷೇಧ ಬಂತು. ಮರದ ಚಮಚೆ ಬಂದಿದೆ ನಿಜ, ಪ್ಲಾಸ್ಟಿಕ್ ಗ್ಲಾಸು ಇನ್ನೂ ಎಲ್ಲ ಕಡೆ ಹೋಗಿಲ್ಲ.

ಮನೆಯಲ್ಲಿ ಮದುವೆ ಇಟ್ಟುಕೊಂಡವರು ಕೇಟರಿಂಗಿನವರ ಮುಂದೆ ಕೂತಾಗ ಇಷ್ಟು ಹೇಳಿ: ಸಿಹಿ ಎರಡೇ ಬಗೆ ಸಾಕು, ಜಾಮೂನು ಬೇಕಾದರೆ ಗೋಲಿಯಷ್ಟೇ ಇರಲಿ, ಗ್ಲಾಸು ಸ್ಟೀಲಿನದಿರಲಿ. ಹೋಳಿಗೆ ಮಾತ್ರ ಕಾವಲಿ ತುಂಬುವಷ್ಟು ದೊಡ್ಡದನ್ನೇ ಮಾಡಿಸಿ, ಕೇಳಿದವರಿಗೆ ಅರ್ಧ ಮುರಿದು ಬಡಿಸಿ.