ಸುರುಳಿಯ ಹದ

ಬಿ.ಎ. ಓದುವವನೊಬ್ಬ ವಿದ್ಯುತ್ ಸುರುಳಿಯನ್ನು ಕುರಿತು ಬರೆಯಹೊರಟರೆ ವಿಜ್ಞಾನ ಓದಿದ ಮಿತ್ರರು ನಕ್ಕಾರು. ನಗಲಿ. ಓಮ್‌ನ ನಿಯಮವನ್ನು ಅವರು ಪ್ರಯೋಗಶಾಲೆಯಲ್ಲಿ ಕಲಿತರು. ನಾನು ರೊಟ್ಟಿ ಸುಟ್ಟು ಕಲಿತೆ. ಹಸಿದ ಹೊಟ್ಟೆಯಲ್ಲಿ ಕಲಿತ ಪಾಠವನ್ನು ಯಾರೂ ಬೇಗ ಮರೆಯುವುದಿಲ್ಲ.

ಕಾಲೇಜಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಬಾಡಿಗೆಯ ಖೋಲಿ. ಅದರಲ್ಲಿ ನಾವು ನಾಲ್ವರು. ಒಬ್ಬ ಸಿಂದಗಿ ತಾಲೂಕಿನವ, ಒಬ್ಬ ಮುದ್ದೇಬಿಹಾಳದವ, ಒಬ್ಬ ಬಸವನ ಬಾಗೇವಾಡಿಯವ. ನಾನು ಇಂಡಿಯ ಕಡೆಯವ. ನಾಲ್ಕು ತಾಲೂಕುಗಳಿಗೆ ಸೇರಿ ಒಂದೇ ಕರೆಂಟಿನ ಒಲೆ. ಊರಿನಿಂದ ಬಂದ ಬುತ್ತಿ ಮೂರು ದಿನಕ್ಕೆ ಮುಗಿಯುತ್ತದೆ; ಉಳಿದ ದಿನಗಳಲ್ಲಿ ಆ ಒಲೆಯೇ ನಮಗೆ ಅವ್ವ. ಒಲೆ ಎಂದರೆ ಮತ್ತೇನು? ಮಣ್ಣಿನ ಬಿಲ್ಲೆಯ ಗಾಡಿಯಲ್ಲಿ ಕೂಡಿಸಿದ ನಿಕ್ರೋಮ್ ತಂತಿಯ ಒಂದು ಸುರುಳಿ. ನಿಕಲ್ ಹಾಗೂ ಕ್ರೋಮಿಯಂ ಬೆರೆತ ಈ ಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ ಎಂಬವನು 1906ರಲ್ಲಿ ಪೇಟೆಂಟ್ ಪಡೆದನಂತೆ. ಕೆಂಪಗೆ ಕಾದರೂ ಬೇಗ ಉರಿದುಹೋಗದಿರುವುದು ಇದರ ಗುಣ.

ಬೇಗ ಹೋಗುವುದಿಲ್ಲವೆಂದರೆ ಎಂದೂ ಹೋಗುವುದಿಲ್ಲವೆಂದಲ್ಲ. ಎರಡನೆಯ ವರ್ಷದ ಮಳೆಗಾಲದಲ್ಲಿ ನಮ್ಮ ಸುರುಳಿ ಹರಿಯಿತು. ಹೊಸದನ್ನು ತರುವ ಔದಾರ್ಯ ನಾಲ್ವರ ಜೇಬಿಗೂ ಇರಲಿಲ್ಲ. ಸುಟ್ಟ ತುಂಡನ್ನು ಕಿತ್ತೊಗೆದು, ಉಳಿದ ಎರಡು ತುದಿಗಳನ್ನು ನಾನೇ ಹೊಸೆದು ಕೂಡಿಸಿದೆ. ಆಶ್ಚರ್ಯವೆಂದರೆ ಒಲೆ ಮೊದಲಿಗಿಂತ ಹೆಚ್ಚು ಕಾಯತೊಡಗಿತು! ‘ರಿಪೇರಿ ಅಂದ್ರ ಹಿಂಗಿರಬೇಕು’ ಎಂದು ಸಿಂದಗಿಯ ಮಿತ್ರ ಬೆನ್ನು ಚಪ್ಪರಿಸಿದ. ಆದರೆ ರೊಟ್ಟಿ ಮಾತ್ರ ಹೊರಗೆ ಕರಿ, ಒಳಗೆ ಹಸಿ. ಮೂರನೆಯ ಸಲ ಹೊಸೆದಾಗ ಫ್ಯೂಜು ಹೋಗಿ ಇಡೀ ವಾಡೆ ಕತ್ತಲಾಯಿತು. ಮಾಲಕರು ಕಂದೀಲು ಹಿಡಿದು ಬಂದು ಆಡಿದ ಮಾತುಗಳನ್ನು ಈ ಸಂಚಿಕೆಯಲ್ಲಿ ಅಚ್ಚು ಮಾಡಲಾಗದು.

ಆಮೇಲೆ ತಮ್ಮನ ಹತ್ತನೆಯ ಇಯತ್ತೆಯ ಪುಸ್ತಕ ತೆಗೆದು ನೋಡಿದೆ. ತಂತಿ ಉದ್ದವಾದಷ್ಟೂ ವಿದ್ಯುತ್ತಿಗೆ ತಡೆ ಹೆಚ್ಚು. ಮೋಟಾದಷ್ಟೂ, ದಪ್ಪವಾದಷ್ಟೂ ತಡೆ ಕಡಿಮೆ. ತಡೆ ಕಡಿಮೆಯಾದರೆ ಪ್ರವಾಹ ಹೆಚ್ಚಿ ಕಾವು ಏರುತ್ತದೆ. 230 ವೋಲ್ಟಿನಲ್ಲಿ 1000 ವ್ಯಾಟಿನ ಒಲೆಯ ಸುರುಳಿಗೆ ಸುಮಾರು 53 ಓಮ್ ತಡೆ. ಅದರಲ್ಲಿ ಕಾಲು ಭಾಗ ಕಿತ್ತೊಗೆದರೆ ಉಳಿಯುವುದು 40 ಓಮ್. ಒಲೆ 1333 ವ್ಯಾಟಿನದಾಗುತ್ತದೆ. ಸಣ್ಣದಾದದ್ದು ಸೊರಗೀತೆಂಬ ಲೋಕರೂಢಿ ಇಲ್ಲಿ ತಲೆಕೆಳಗು. ಅಂದಿನಿಂದ ಖೋಲಿಯಲ್ಲಿ ನನಗೆ ‘ಸುರುಳಿ ಪಂಡಿತ’ ಎಂಬ ಬಿರುದು ಬಂತು. ಈ ಬಿರುದೇ ಮುಂದಿನ ಕಥೆಗೆ ಮೂಲ.

ಕಳೆದ ದೀಪಾವಳಿಯ ರಜೆ ಮುಗಿಸಿ ಬಂದಾಗ ನಮ್ಮ ಮಿತ್ರನೊಬ್ಬ ಟ್ರಂಕಿನಿಂದ ಲೇಖಣಿಯಂಥ ಒಂದು ವಸ್ತುವನ್ನು ತೆಗೆದ. ಇ-ಸಿಗರೇಟು. ದೊಡ್ಡ ಊರಿನ ಬಂಧುವೊಬ್ಬ ಕೊಟ್ಟದ್ದಂತೆ. ನಮ್ಮ ರಾಜ್ಯದಲ್ಲಿ 2016ರಲ್ಲಿಯೂ ಇಡೀ ದೇಶದಲ್ಲಿ 2019ರಲ್ಲಿಯೂ ಇದರ ಮಾರಾಟ ನಿಷಿದ್ಧವಾಗಿದೆ. ನಿಷಿದ್ಧವೆಂಬುದೇ ಅದರ ಅರ್ಧ ಆಕರ್ಷಣೆಯಾಗಿತ್ತೆಂದು ಈಗ ತೋರುತ್ತದೆ. ‘ಸುಟ್ಟ ವಾಸನಿ ಬರಾಕ ಹತ್ತೇದ, ಪಂಡಿತಾ, ಸ್ವಲ್ಪ ನೋಡು’ ಎಂದು ಅದನ್ನೂ ಬದಲಿ ಸುರುಳಿಗಳ ಒಂದು ಪೊಟ್ಟಣವನ್ನೂ ನನ್ನ ಮುಂದಿಟ್ಟ.

ಬಿಚ್ಚಿ ನೋಡಿದರೆ ಒಳಗಿದ್ದದ್ದು ನಮ್ಮ ಒಲೆಯೇ! ಬೆಂಕಿಕಡ್ಡಿಯ ತಲೆಯಷ್ಟು ಸುರುಳಿ, ಅದರೊಳಗೆ ತೂರಿಸಿದ ಹತ್ತಿ, ಕೆಳಗೊಂದು ಬ್ಯಾಟರಿ. ದೀಪದ ಬತ್ತಿ ಎಣ್ಣೆಯನ್ನೇರಿಸುವಂತೆ ಹತ್ತಿ ದ್ರವವನ್ನು ಏರಿಸುತ್ತದೆ. ಸುರುಳಿ ಅದನ್ನು ಆವಿ ಮಾಡುತ್ತದೆ. ದ್ರವವೆಂದರೆ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸುವಾಸನೆ ಮತ್ತು ನಿಕೋಟಿನ್. ಬ್ಯಾಟರಿಯ 3.7 ವೋಲ್ಟಿಗೆ 1 ಓಮಿನ ಸುರುಳಿ ಸುಮಾರು 14 ವ್ಯಾಟ್ ಕೊಡುತ್ತದೆ, ಅರ್ಧ ಓಮಿನದು 27, ಕಾಲು ಓಮಿನದು 55. ತೆಳು ತಂತಿಯ ಕಿರಿಸುರುಳಿ ಚಟ್ಟನೆ ಕಾದು ಚಟ್ಟನೆ ಆರುತ್ತದೆ; ಆವಿ ಸ್ವಲ್ಪ, ಬ್ಯಾಟರಿಯೂ ದ್ರವವೂ ಬಹುಕಾಲ ಬರುತ್ತವೆ. ದಪ್ಪ ತಂತಿಯ ಹಿರಿಸುರುಳಿ ನಿಧಾನವಾಗಿ ಕಾಯುತ್ತದೆ. ಮೈ ಅಗಲವಾದ್ದರಿಂದ ಮೋಡದಂಥ ಆವಿ, ಆದರೆ ಬ್ಯಾಟರಿಯನ್ನು ಹೀರುತ್ತದೆ, ದ್ರವವನ್ನು ಕುಡಿಯುತ್ತದೆ. ಕಾವು ಸಾಲದೆ ಹೋದರೆ ರುಚಿ ಸಪ್ಪೆ. ಹತ್ತಿ ದ್ರವವನ್ನೇರಿಸುವ ವೇಗಕ್ಕಿಂತ ಕಾವು ಮುಂದಾದರೆ ಹತ್ತಿಯೇ ಸುಟ್ಟು ಗಂಟಲು ಹಿಡಿಯುತ್ತದೆ. ರೊಟ್ಟಿಯ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ: ರುಚಿ ಕಾವಿನಲ್ಲಿಲ್ಲ, ಹದದಲ್ಲಿದೆ. ನಾನು ಹದ ನೋಡಿ ಸುರುಳಿ ಕೂಡಿಸಿದೆ. ಮಾವಿನಹಣ್ಣಿನ ಕಂಪು ಖೋಲಿಯನ್ನು ತುಂಬಿತು. ಪರೀಕ್ಷೆಗೆಂದು ನಾನೂ ಒಂದು ಸಲ ಎಳೆದೆ. ಆ ಪರೀಕ್ಷೆ ಒಂಬತ್ತು ದಿನ ನಡೆಯಿತು.

ಇತಿಹಾಸದ ವಿದ್ಯಾರ್ಥಿಯಾದ ನನಗೆ ಆ ದಿನಗಳಲ್ಲಿ ಒಂದು ಸಂಗತಿ ನೆನಪಾಗಬೇಕಾಗಿತ್ತು. 1604ರ ಸುಮಾರಿಗೆ ಎರಡನೆಯ ಇಬ್ರಾಹಿಂ ಆದಿಲಶಾಹನ ವಿಜಾಪುರದಿಂದ ಆಗ್ರಾಕ್ಕೆ ಮರಳಿದ ಮೊಗಲ ದೂತ ಅಸದ್ ಬೇಗ, ಉತ್ತರದವರು ಕಾಣದಿದ್ದ ತಂಬಾಕನ್ನು ಅಕ್ಬರನ ಮುಂದಿರಿಸಿದ. ಅದರೊಡನೆ ರತ್ನ ಕೂಡಿಸಿದ ಒಂದು ನಳಿಗೆ. ಅದರ ಕೊಳವೆಯೇ ಮೂರು ಮೊಳ ಉದ್ದ. ಹೊಗೆ ಎಷ್ಟು ದೂರ ಹರಿದು ಬಂದೀತೋ ಅಷ್ಟು ತಂಪು, ಅಷ್ಟು ನಯ. ನಮ್ಮ ಮುತ್ಯಾ ಚಿಲಿಮೆಯ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದದ್ದೂ ಇದಕ್ಕೇ. ಇದನ್ನು ಔಷಧಿಯೆಂದು ತಂದಿದ್ದಾರೆಂದು ದರಬಾರಿನಲ್ಲಿ ಹೇಳಲಾಯಿತು. ಅಕ್ಬರ್ ಎರಡು ಮೂರು ಸಲ ಎಳೆದ, ಹಕೀಮ ತಡೆದ. ಬಾದಶಹ ಚಟಕ್ಕೆ ಬೀಳಲಿಲ್ಲ, ಊರು ಬಿದ್ದಿತು. 1617ರಲ್ಲಿ ಜಹಾಂಗೀರ ನಿಷೇಧಿಸಬೇಕಾಯಿತು. ಇ-ಸಿಗರೇಟಿನ ಕಥೆಯೂ ಹೀಗೆಯೇ ಮೊದಲಾಗಿದೆ. 2003ರಲ್ಲಿ ಅದನ್ನು ರೂಪಿಸಿದ ಚೀನದ ಔಷಧಶಾಸ್ತ್ರಜ್ಞ ಹೊನ್ ಲಿಕ್ ತಾನೇ ಸಿಗರೇಟಿನ ದಾಸನಾಗಿದ್ದ. ಅವನ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದ. ಅವನಿಗೆ ಬೇಕಾಗಿದ್ದದ್ದು ಬಿಡುಗಡೆ. ಮೂರು ಮೊಳದ ನಳಿಗೆ ಮೂರು ಗೇಣು ಸಹ ಇಲ್ಲದ ಲೇಖಣಿಯಾಯಿತು. ನಯಗೊಳಿಸುವ ಜಾಣತನ ಮಾತ್ರ ಬೆಳೆಯಿತು.

ಹತ್ತನೆಯ ದಿನ ಅಪ್ಪ ಬಂದ. ಇಂಡಿಯ ಕಡೆಯ ಲಿಂಬೆಯ ತೋಟವೊಂದರಲ್ಲಿ ಅವನು ದುಡಿಯುತ್ತಾನೆ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಬಂದಾಗ, ತನ್ನ ಮಗನೇ ಪಾಸಾದಂತೆ ಹಿಗ್ಗಿದವನು. ಬುತ್ತಿಯ ಗಂಟು, ಒಂದು ಚೀಲ ಲಿಂಬೆ ಹೊತ್ತು ಹೊಸ್ತಿಲು ದಾಟಿದವನೇ ಮೂಗರಳಿಸಿ ನಿಂತ.

‘ಏನ್ ತಮ್ಮಾ, ಮಾವಿನಹಣ್ಣ ತಂದೀರೇನು? ಕಾರ್ತೀಕದಾಗ ಎಲ್ಲಿ ಸಿಕ್ಕುವೋ?’

ನಾಲ್ವರೂ ಮುಖ ಮುಖ ನೋಡಿಕೊಂಡೆವು. ನಾನು ಬಾಯಿ ತೆರೆಯಲಿಲ್ಲ. ಅವನೇ ಉತ್ತರ ಹೇಳಿಕೊಂಡ.

‘ಪ್ಯಾಟ್ಯಾಗ ಏನರೆ ಸಿಗತಾವು ಬಿಡು. ಚೊಲೊ ಆತು. ಓದೂ ಹುಡುಗರು ಹಣ್ಣ ತಿನ್ನಬೇಕು.’

ಸ್ವಲ್ಪ ಹೊತ್ತು ಕುಳಿತು ಜೇಬಿನಿಂದ ಬೀಡಿಯ ಕಟ್ಟು ತೆಗೆದ. ಮಾಡದಲ್ಲಿದ್ದ ನಮ್ಮ ಪುಸ್ತಕಗಳತ್ತ ನೋಡಿದ. ಎದ್ದು ಹೊರಗೆ ಹೋದ. ಇದು ಅವನ ಹಳೆಯ ವಾಡಿಕೆ. ನಾನು ಎರಡನೆಯ ಇಯತ್ತೆಯಲ್ಲಿದ್ದಾಗಿನಿಂದಲೂ, ಮಳೆಯಿರಲಿ ಚಳಿಯಿರಲಿ, ನಾನು ಓದುತ್ತಿದ್ದರೆ ಅವನು ಕಟ್ಟೆಗೆ ಹೋಗಿಯೇ ಬೀಡಿ ಹಚ್ಚಬೇಕು. ‘ಪುಸ್ತಕಕ್ಕ ವಾಸನಿ ಹತ್ತೀತು’ ಎಂಬುದು ಅವನ ಅಂಜಿಕೆ. ಓದು ಬಾರದವನ ಭಕ್ತಿ ಅದು. ಕಿಟಕಿಯಿಂದ ಅವನ ಕೆಮ್ಮು ಕೇಳಿಸಿತು. ನನ್ನ ಪುಸ್ತಕಗಳಿಗೆ ಒಂಬತ್ತು ದಿನಗಳಿಂದ ಹತ್ತಿದ್ದ ವಾಸನೆ ಮಾವಿನಹಣ್ಣಿನದಾದ್ದರಿಂದ ಅವನಿಗೆ ಅನುಮಾನ ಬಂದಿರಲಿಲ್ಲ.

ಅಂದು ನನಗೆ ಸುರುಳಿಯ ಪೂರ್ಣ ಪಾಠವಾಯಿತು. ಬೀಡಿಯ ಹೊಗೆ ಕಣ್ಣಿಗೆ ಹೋಗುತ್ತದೆ, ಬಟ್ಟೆಗೆ ಹತ್ತುತ್ತದೆ, ಎಳೆದವನನ್ನು ನಾಲ್ಕು ಮನೆಗೆ ಸಾರುತ್ತದೆ. ಅದು ಮಾಡುವ ಕೇಡು ದೊಡ್ಡದು. ಆದರೆ ತಾನು ಕೇಡೆಂಬುದನ್ನು ಮುಚ್ಚಿಡುವುದಿಲ್ಲ. ಇಲ್ಲಿ ಸುರುಳಿಯ ಹದವೆಲ್ಲ ಆ ಎಚ್ಚರಿಕೆಯನ್ನು ಅಳಿಸುವ ಹದ. ಕಾವು ಹೆಚ್ಚಿದಾಗ ಅದೇ ಸಿಹಿದ್ರವ ಒಡೆದು ಫಾರ್ಮಾಲ್ಡಿಹೈಡಿನಂಥ ವಿಷವಾಗುತ್ತದೆ. ಸುರುಳಿಯ ನಿಕಲ್, ಕ್ರೋಮಿಯಂ ಕಣಗಳು ಆವಿಯಲ್ಲಿ ಕಂಡುಬಂದಿವೆ. ಹದವಾಗಿಯೇ ಕಾದರೂ ನಿಕೋಟಿನ್ ನಿಕೋಟಿನ್ನೇ. ಸುರುಳಿ ಕಿರಿದಾದರೆ ಅದು ಸಣ್ಣ ಗುಟುಕಿನಲ್ಲಿ ಹೋಗುತ್ತದೆ, ಹಿರಿದಾದರೆ ದೊಡ್ಡ ಮೋಡದಲ್ಲಿ. ಒಲೆಯ ಸುರುಳಿಗೆ ಏನು ಬೇಯುತ್ತದೆಂಬ ಅರಿವಿಲ್ಲ; ಹೊಸೆದು ಕೂಡಿಸಿದ ಕೈಗೆ ಅದು ಇರಬೇಕಾಗಿತ್ತು.

ಆ ಸಂಜೆ ಅಪ್ಪನನ್ನು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಮಿತ್ರನಿಗೆ ಹೇಳಿದೆ: ‘ಇನ್ನ ನಾ ಇದನ್ನ ರಿಪೇರಿ ಮಾಡೂದಿಲ್ಲೋ.’ ಅವನು ವಾದಿಸಲಿಲ್ಲ. ಅವನೂ ಅಪ್ಪನ ಮಾತು ಕೇಳಿದ್ದ. ನಾಲ್ಕು ದಿನ ನನಗೆ ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ, ಕಾರಣವಿಲ್ಲದೆ ಸಿಟ್ಟು ಬಂತು. ಒಂಬತ್ತು ದಿನಗಳಲ್ಲಿ ಅದು ನನ್ನನ್ನು ಎಷ್ಟು ಹಿಡಿದಿತ್ತೆಂಬುದು ಆಗ ತಿಳಿಯಿತು. ಅಪ್ಪನನ್ನು ಅದು ಮೂವತ್ತು ವರ್ಷಗಳಿಂದ ಹಿಡಿದಿದೆ. ‘ಬೀಡಿ ಬಿಡು ಯಪ್ಪಾ’ ಎಂದು ಎಷ್ಟು ಸುಲಭವಾಗಿ ಹೇಳುತ್ತಿದ್ದೆ!

ಅಪ್ಪನಿಗೆ ಓದಲು ಬಾರದು. ಈ ಸಂಚಿಕೆ ಬಂದ ವಾರ ಊರಿಗೆ ಹೋಗಿ, ಕಟ್ಟೆಯ ಮೇಲೆ ಅವನ ಪಕ್ಕದಲ್ಲಿ ಕುಳಿತು, ಇದನ್ನು ನಾನೇ ಓದಿ ಹೇಳಬೇಕು. ಕಾರ್ತೀಕದ ಮಾವಿನಹಣ್ಣಿನ ವಿಷಯವನ್ನು ಬಿಡದೆ ಓದುತ್ತೇನೆ. ಬೀಡಿಯ ಮಾತು ಆಮೇಲೆ.