ನೀರಿನ ಹೊತ್ತು

ಕಲಾಶಿಬಿರದವರು ಬೆಂಗಳೂರಿನಲ್ಲಿ ಕೂತು ತಯಾರಿಸಿದ ವೇಳಾಪಟ್ಟಿ ಅಘನಾಶಿನಿ ನದಿ ಕಡಲು ಸೇರುವ ತದಡಿಯಲ್ಲಿ ಒಂದು ದಿನವೂ ಬಾಳಲಿಲ್ಲ. ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಅಳಿವೆ ವೀಕ್ಷಣೆ ಎಂದು ಅದರಲ್ಲಿ ಬರೆದಿತ್ತು. ಒಂಬತ್ತಕ್ಕೆ ದಡಕ್ಕೆ ಹೋದರೆ ನೋಡಬೇಕಾದ ಮರಳು ದಿಬ್ಬಗಳೆಲ್ಲ ನೀರಿನಡಿ. “ನೀರು ಇಳೀಬೇಕಲ್ರಾ, ಊಟ ಮುಗಿಸ್ಕಂಡೇ ಬನ್ನಿ” ಎಂದು ದೋಣಿಯವರು ನಕ್ಕರು. ಉಬ್ಬರ ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ ಎಂದು ಶಾಲೆಯಲ್ಲಿ ಓದಿದ್ದೆವು ನಿಜ. ಅದಕ್ಕೆ ತಕ್ಕಂತೆ ಒಲೆ ಹೊತ್ತಿಸುವ, ಮಲಗುವ, ಏಳುವ ಜನರನ್ನು ಮಾತ್ರ ನಾನು ಕಂಡದ್ದು ಇಲ್ಲೇ ಮೊದಲು.

ನೀರಿನ ಜೊತೆ ಬದುಕುವ ಊರುಗಳಲ್ಲಿ ಕಲಾವಿದರು ಕೆಲವು ವಾರ ಉಳಿದು ಕೆಲಸ ಮಾಡಬೇಕೆಂಬುದು ಶಿಬಿರದ ಆಶಯ. ಕೋಲ್ಕತ್ತಾದಿಂದ ಬಂದ ಒಬ್ಬ ಧ್ವನಿ ಕಲಾವಿದ, ವಡೋದರಾದ ಒಬ್ಬ ಚಿತ್ರಕಲಾವಿದೆ, ಇನ್ನೂ ನಾಲ್ಕಾರು ಮಂದಿ; ನೋಡಿದ್ದನ್ನು ಬರೆಯಲು ನಾನು. ನದಿಯ ಬಗ್ಗೆ ನಮ್ಮಲ್ಲಿ ನಡೆದಿರುವ ಕಲಾಕೆಲಸ ಬಹುಪಾಲು ಶೋಕಗೀತೆಯೇ. 2011ರಲ್ಲಿ ದೆಹಲಿ ಮತ್ತು ಹ್ಯಾಂಬರ್ಗ್ ನಗರಗಳ ಕಲಾವಿದರು ಸೇರಿ ಯಮುನೆ–ಎಲ್ಬೆ ಯೋಜನೆ ಮಾಡಿದಾಗ ಯಮುನೆಯ ದಡದಲ್ಲಿ ನೊರೆ, ಕೊಳಚೆಗಳಿಂದ ಕಣ್ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅಘನಾಶಿನಿಗೆ ಬಂದ ನಮ್ಮ ಗೆಳೆಯರು ಅಂಥದೇ ದುಃಖಕ್ಕೆ ಮನಸ್ಸು ಗಟ್ಟಿಮಾಡಿಕೊಂಡು ಬಂದಿದ್ದರು. ಇಲ್ಲಿ ನೋಡಿದರೆ ನದಿ ಜೀವಂತವಾಗಿದೆ, ದಡದವರಿಗೆ ಪುರುಸೊತ್ತೇ ಇಲ್ಲ.

ಈ ನದಿಯ ಒಂದು ಕವಲು ಶಿರಸಿಯ ಶಂಕರ ಹೊಂಡದಲ್ಲಿ, ಇನ್ನೊಂದು ಮಂಜುಗುಣಿಯಲ್ಲಿ ಹುಟ್ಟುತ್ತದೆ. ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಘಟ್ಟ ಇಳಿದು, ಸುಮಾರು 120 ಕಿ.ಮೀ. ಹರಿದು ಕುಮಟಾ–ಗೋಕರ್ಣಗಳ ನಡುವೆ ಕಡಲು ಸೇರುತ್ತದೆ. ಶರಾವತಿಗೂ ಕಾಳಿಗೂ ಒಂದರ ಮೇಲೊಂದು ಅಣೆಕಟ್ಟು ಎದ್ದವು. ಇದಕ್ಕೆ ಒಂದೂ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಘಟ್ಟದ ಸಿಹಿನೀರೂ ಬೇಸಿಗೆಯಲ್ಲಿ ಕಡಲಿನ ಉಪ್ಪುನೀರೂ ತಂತಮ್ಮ ಸರದಿಯಲ್ಲಿ ಅಳಿವೆಯನ್ನು ಆಳುತ್ತವೆ. 2024ರ ಜನವರಿಯಲ್ಲಿ ಇಲ್ಲಿನ 4,801 ಹೆಕ್ಟೇರ್ ಪ್ರದೇಶಕ್ಕೆ ರಾಮ್ಸರ್ ಜೌಗುತಾಣದ ಮನ್ನಣೆ ಸಿಕ್ಕಿತು. ಹಿಂದೆ ತದಡಿಗೆ ಬೃಹತ್ ಉಷ್ಣವಿದ್ಯುತ್ ಸ್ಥಾವರ ಬರುತ್ತದೆಂದಾಗ ಎದುರು ನಿಂತ ಊರವರಿಗೆ ಅದಕ್ಕೂ ಮೊದಲೇ ಯಾರಾದರೂ ಮನ್ನಣೆ ಕೊಡಬೇಕಿತ್ತು.

ಊಟ ಮುಗಿಸಿ ಹೋದಾಗ ನೀರು ಇಳಿದಿತ್ತು. ಎದೆಮಟ್ಟದ ನೀರಿನಲ್ಲಿ ಹೆಂಗಸರು ಸಾಲಾಗಿ ನಿಂತು ಮಾತಾಡುತ್ತಿದ್ದರು. ಸುಮ್ಮನೆ ಹರಟುತ್ತಿದ್ದಾರೆ ಎನ್ನಬೇಕು, ಹಾಗಿತ್ತು ನೋಟ. ದೋಣಿ ಹತ್ತಿರವಾದಾಗ ಅವರ ಭುಜಗಳು ಸಣ್ಣಗೆ ಅಲ್ಲಾಡುತ್ತಿರುವುದು ಕಂಡಿತು. ಕೆಸರಿನೊಳಗೆ ಪಾದ ಹುಡುಕುತ್ತಿದೆ. ಬಳಚಿನ ಚಿಪ್ಪು ಸಿಕ್ಕಿತೆಂದರೆ ಕಾಲ್ಬೆರಳಿನಲ್ಲೇ ಹಿಡಿದು ಮೊಣಕಾಲು ಮಡಚಿ ಕೈಗೆ ದಾಟಿಸುವುದು, ಸೊಂಟಕ್ಕೆ ಕಟ್ಟಿ ತೇಲಿಬಿಟ್ಟ ಪಾತ್ರೆಗೆ ಹಾಕುವುದು. ಮಾತು ಒಂದು ಕ್ಷಣವೂ ನಿಲ್ಲದು! ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಹಿಂದೊಮ್ಮೆ ಲೆಕ್ಕ ಹಾಕಿದಾಗ ಈ ಚಿಪ್ಪುಜೀವಿಗಳನ್ನು ನಂಬಿದವರು 2,300ಕ್ಕೂ ಹೆಚ್ಚು ಜನ, ವರ್ಷದ ಇಳುವರಿ ಸುಮಾರು 22 ಸಾವಿರ ಟನ್. ಅಷ್ಟೂ ಬಿತ್ತದೆ, ಗೊಬ್ಬರ ಹಾಕದೆ ಬಂದ ಬೆಳೆ.

ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ ನಮ್ಮ ಚಿತ್ರಕಲಾವಿದೆಗೆ ತಮಾಷೆಯ ಪಾಠವಾಯಿತು. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಬಿಸಿಲಿಗೆ ಗಟ್ಟಿಯಾಗಿಸಿ, ಕೊನೆಯ ಪಾತಿಯಲ್ಲಿ ಹರಳುಗಟ್ಟಿದ್ದನ್ನು ಎಳೆದು ಗುಡ್ಡೆ ಹಾಕುತ್ತಾರೆ. ಗುಡ್ಡೆಯಾದ ಉಪ್ಪಿಗೆ ಮಣ್ಣಿನ ತೆಳು ಕೆಂಪು. ಉಪ್ಪಿನಕಾಯಿ ಹಾಕುವವರು ಇದನ್ನೇ ಹುಡುಕಿಕೊಂಡು ಬರುತ್ತಾರೆ. ಚಿತ್ರಕಲಾವಿದೆ ದೊಡ್ಡ ಕಾಗದಗಳನ್ನು ಆಗರದ ನೀರಿನಲ್ಲಿ ಅದ್ದಿ ಒಣಹಾಕಿದ್ದಳು, ಹರಳು ತಾನೇ ಚಿತ್ರ ಬರೆಯಲಿ ಎಂದು. ಉಳಿದವು ಹೊಳೆಯುವ ಹರಳು ಹೊದ್ದು ನಿಂತರೆ ಒಂದು ಹಾಳೆ ಮಾತ್ರ ದಿನಗಟ್ಟಲೆ ಒಣಗಲೇ ಇಲ್ಲ. ಆಗರದಲ್ಲಿ ದುಡಿಯುವ ಹಿರಿಯ ಹೆಂಗಸೊಬ್ಬರು ಬಂದು ಹಾಳೆಗೆ ಬೆರಳೊತ್ತಿ ನಾಲಿಗೆಗೆ ಮುಟ್ಟಿಸಿಕೊಂಡರು. “ಇದು ಕಡೇ ನೀರು ತಂಗೀ, ಕೈಕ್ ಅಂತದೆ. ಹೊರಗೆ ಚೆಲ್ಲೂದು ಇದ್ನ.” ಉಪ್ಪು ಕೂತ ಮೇಲೆ ಉಳಿಯುವ ಆ ಕಹಿ ನೀರಿನ ತುಂಬ ಮೆಗ್ನೀಸಿಯಂ ಲವಣ, ಅದು ಗಾಳಿಯ ತೇವವನ್ನೇ ಹೀರುತ್ತ ಕೂರುತ್ತದೆ. ಬೆಳಗಿನ ಜಾವ ಹಾಳೆ ತೊಟ್ಟಿಕ್ಕುತ್ತಿತ್ತು, ಮಧ್ಯಾಹ್ನ ಅರೆಬರೆ ಆರುತ್ತಿತ್ತು, ಸಂಜೆ ಮತ್ತೆ ಬೆವರುತ್ತಿತ್ತು. ಶಿಬಿರದಲ್ಲಿ ತಯಾರಾದವುಗಳಲ್ಲಿ ನನ್ನ ಮನಸ್ಸಿಗೆ ಹತ್ತಿದ್ದು ಈ ಒಣಗದ ಹಾಳೆಯೇ. ಚೌಕಟ್ಟು ಹಾಕಿದರೆ ಗಾಜಿನೊಳಗೆ ಬೂಸ್ಟು ಬರಬಹುದು, ಮಾರಾಟವಂತೂ ಆಗದು.

ಇನ್ನು ಗಜನಿ ಭೂಮಿ. ಉಪ್ಪುನೀರು ನುಗ್ಗುವ ಜಾಗದಲ್ಲಿ ಭತ್ತ ಬೆಳೆಯುತ್ತಾರೆ ಎಂದರೆ ಬಯಲುಸೀಮೆಯ ನನ್ನ ಸೋದರಮಾವ ನಂಬಲಿಕ್ಕಿಲ್ಲ. ಜೂನ್ ಮಳೆ ಮಣ್ಣಿನ ಉಪ್ಪು ತೊಳೆದೊಡನೆ ಕಗ್ಗ ಭತ್ತದ ಬಿತ್ತನೆ. ನೆರೆ ಬಂದು ಕೆಲವು ದಿನ ಮುಳುಗಿದರೂ, ಉಪ್ಪು ಸ್ವಲ್ಪ ತಾಗಿದರೂ ಸಾಯದ ತಳಿ ಅದು. ಮಾಣಿಕಟ್ಟಾದಲ್ಲಿ ರೈತರು ಒಟ್ಟುಗೂಡಿ ಇದನ್ನು ಉಳಿಸಿಕೊಂಡಿದ್ದಾರೆ. ಬೇರೆ ಎಷ್ಟೋ ಕಡೆ ಒಡ್ಡು ಒಡೆದು ಗದ್ದೆ ಪಾಳುಬಿದ್ದು ಕಾಂಡ್ಲಾ ಗಿಡ ಎದ್ದಿದೆ. ಕೊಯ್ಲಿನಲ್ಲಿ ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ. ಆಮೇಲೆ ಒಡ್ಡಿನ ಬಾಗಿಲು ತೆಗೆದು ಕಡಲನ್ನು ಒಳಕ್ಕೆ ಕರೆಯುತ್ತಾರೆ. ಕೊಳೆತ ಹುಲ್ಲು ಸಿಗಡಿಗೂ ಮೀನಿಗೂ ಮೇವು. ನಾವು ಮಾರ್ಚ್‌ನಲ್ಲಿ ನೋಡಿದ್ದು ಕೆರೆಯಂಥ ಗದ್ದೆಯನ್ನು. ತಟ್ಟೆಯಲ್ಲಿದ್ದದ್ದು ಅದೇ ಗದ್ದೆಯ ಕೆಂಪಕ್ಕಿ ಗಂಜಿ, ಅದೇ ಗದ್ದೆಯ ಸಿಗಡಿ.

ಅಮಾವಾಸ್ಯೆಯ ರಾತ್ರಿ ಸಿಗಡಿ ಹಿಡಿಯಲು ಒಡ್ಡಿನ ಮೇಲೆ ಜನ ಸೇರಿದ್ದರು. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರದ ಜೋರು ಹೆಚ್ಚು, ಇಳಿಯುವ ನೀರಿನ ಸೆಳೆತವೂ ಹೆಚ್ಚು. ನೀರು ತಿರುಗಲೆಂದು ಕಾಯುತ್ತಿದ್ದ ಹೊತ್ತಿನಲ್ಲಿ ಧ್ವನಿ ಕಲಾವಿದ ತನ್ನ ಹೈಡ್ರೋಫೋನನ್ನು ಕಾಲುವೆಗೆ ಇಳಿಬಿಟ್ಟು ಹೆಡ್‌ಫೋನನ್ನು ನನ್ನ ಕಿವಿಗಿಟ್ಟ. ಅರಳು ಹುರಿಯುವ ಬಾಣಲೆಯೊಳಗೆ ತಲೆ ಇಟ್ಟಂತಾಯಿತು: ಚಟಪಟ, ಚಟಪಟ, ಕೊನೆಯೇ ಇಲ್ಲ. ಒಂದು ಜಾತಿಯ ಪುಟ್ಟ ಸಿಗಡಿ ತನ್ನ ದೊಡ್ಡ ಕೊಂಡಿಯನ್ನು ಫಟ್ಟನೆ ಮುಚ್ಚುತ್ತದೆ, ಆ ಹೊಡೆತಕ್ಕೆ ಏಳುವ ಗುಳ್ಳೆ ಒಡೆದು ಈ ಸದ್ದು. ಇಷ್ಟು ಗಲಾಟೆಯ ಮೇಲೆ ಇಷ್ಟು ಶಾಂತವಾದ ನೀರು! ಬಾಗಿಲು ಕಾಯುವ ಅಜ್ಜನಿಗೂ ಕೇಳಿಸಿದೆವು. ಅವರಿಗೇನೂ ಸೋಜಿಗವಾಗಲಿಲ್ಲ. “ರಾತ್ರಿ ದೋಣಿ ಒಳಗೆ ಮಲಗಿದ್ರೆ ದಿನಾ ಇದೇಯ. ನಿಮ್ಗೆ ಕೇಳೂಕೆ ಇಷ್ಟೆಲ್ಲ ವಯರು ಬೇಕಾಯ್ತಾ?”

ಅಷ್ಟರಲ್ಲಿ ನೀರು ತಿರುಗಿತು. ಇಬ್ಬರು ಕೆಳಗಿಳಿದು ಬಾಗಿಲಿನ ಹಲಗೆಗಳನ್ನು ಒಂದೊಂದಾಗಿ ಎತ್ತಿ ಚೀಲದಂಥ ಬಲೆ ಬಿಗಿದರು. ಗದ್ದೆಯ ನೀರು ಹೊರಕ್ಕೆ ಧುಮುಕತೊಡಗಿತು. ಬಲೆ ಎತ್ತಿದಾಗ ಬ್ಯಾಟರಿ ಬೆಳಕಿಗೆ ನೂರಾರು ಕಣ್ಣು ಕೆಂಡದ ಕಿಡಿಯಾಗಿ ಹೊಳೆದವು. ಒಂದು ಶೆಟ್ಲಿ, ಅಂದರೆ ಸಿಗಡಿ, ಎಗರಿ ನನ್ನ ಚಪ್ಪಲಿಯ ಮೇಲೆ ಬಿತ್ತು. ಬುಟ್ಟಿ ಹಿಡಿದು ಕಾದಿದ್ದ ಹೆಂಗಸರು ಆಗಲೇ ದರಕ್ಕೆ ಜಗಳ ತೆಗೆದಿದ್ದರು. ಧ್ವನಿ ಕಲಾವಿದ ಸನ್ನೆ ಮಾಡಿ, ದಾಖಲಿಸುತ್ತಿದ್ದೇನೆ, ಎರಡು ನಿಮಿಷ ಸುಮ್ಮನಿರಿ ಎಂದು ಬೇಡಿಕೊಂಡ. “ಎರಡು ನಿಮಿಷ ಬಿಟ್ರೆ ಅವ ಇನ್ನೂ ಐವತ್ತು ರೂಪಾಯಿ ಏರಿಸ್ತ” ಎಂದು ಅವರಲ್ಲೊಬ್ಬರು ಬುಟ್ಟಿಯನ್ನು ಬಲೆಯಡಿಗೆ ತಳ್ಳಿದರು.