ಸ್ಕಾಟ್ಲೆಂಡಿನಲ್ಲಿ ಒಂದು ಆಸವನದ ಪಾಠ

ಅರವತ್ತೈದನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ವಿಸ್ಕಿಯ ರುಚಿ ನೋಡಿದೆನೆಂದು ಬರೆದರೆ ನನ್ನ ಹಳೆಯ ವಿದ್ಯಾರ್ಥಿಗಳು ನಗುವರು, ನೆಂಟರಿಷ್ಟರು ಹುಬ್ಬೇರಿಸುವರು. ಗಾಂಧಿ ಜಯಂತಿಯ ದಿನ ಪಾನನಿರೋಧದ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿ ಮಕ್ಕಳನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಿದ್ದ ಮೇಷ್ಟ್ರು ಇವರೇ ಏನು ಎಂದು ಕೇಳುವವರಿಗೆ, ಹೌದು, ಇವರೇ ಎಂಬುದಲ್ಲದೆ ಬೇರೆ ಉತ್ತರವಿಲ್ಲ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಈ ಸಂಗತಿಯ ಬೆನ್ನಿಗೆ ನನ್ನ ವೃತ್ತಿಯ ಹಳೆಯ ಬಾಕಿಯೊಂದು ಅಂಟಿಕೊಂಡಿದೆ. ಅದನ್ನು ಬರೆಯದೆ ಗತ್ಯಂತರವಿಲ್ಲ.

2023ರ ಮೇ ತಿಂಗಳಿನಲ್ಲಿ ನಾನೂ ನನ್ನ ಪತ್ನಿಯೂ ಎಡಿನ್‌ಬರೋದಲ್ಲಿರುವ ಮಗನ ಮನೆಗೆ ಹೋಗಿದ್ದೆವು. ಕೋಟೆ, ಅರಮನೆ, ವಸ್ತುಸಂಗ್ರಹಾಲಯಗಳೆಲ್ಲ ಮುಗಿದ ಮೇಲೆ ಸೊಸೆ ಒಂದು ಬೆಳಗ್ಗೆ, "ಮಾವ, ಜೀವನಪೂರ್ತಿ ಡಿಸ್ಟಿಲೇಶನ್ ಪಾಠ ಮಾಡಿದವರು ನೀವು. ಇಲ್ಲಿಗೆ ಬಂದು ಒಂದು ಡಿಸ್ಟಿಲರಿ ನೋಡದೆ ಹೋದರೆ ಹೇಗೆ? ಕುಡಿಯಬೇಕು ಅಂತೇನಿಲ್ಲ" ಎಂದಳು. ವಾದ ಸರಿಯಾಗಿತ್ತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕಪ್ಪುಹಲಗೆಯ ಮೇಲೆ ದುಂಡುತಳದ ಫ್ಲಾಸ್ಕು, ಉಷ್ಣತಾಮಾಪಕ, ಲೀಬಿಗ್ ಸಾಂದ್ರಕಗಳ ಚಿತ್ರ ಬರೆದು 'ಆಸವನ' ಎಂದು ಅಡಿಗೆರೆ ಎಳೆದವನು ನಾನು. ನಮ್ಮ ಶಾಲೆಯಲ್ಲಿದ್ದ ಒಂದೇ ಒಂದು ಗಾಜಿನ ಸಾಂದ್ರಕ ನಾನು ಸೇರುವ ಮೊದಲೇ ಒಡೆದುಹೋಗಿತ್ತಾದ್ದರಿಂದ ನನ್ನ ಆಸವನವೆಲ್ಲ ಸೀಮೆಸುಣ್ಣದಲ್ಲಿಯೇ ನಡೆದದ್ದು.

ನಾವು ಹೋದದ್ದು ನಗರದಿಂದ ಸುಮಾರು 15 ಮೈಲಿ ದೂರದ ಗ್ಲೆನ್‌ಕಿಂಚಿಗೆ. ಸುತ್ತ ಹೊಲಗಳು, ನಡುವೆ ಕೆಂಪು ಇಟ್ಟಿಗೆಯ ಕಟ್ಟಡ. 1837ರಿಂದ ಇದೇ ಹೆಸರಿನಲ್ಲಿರುವ ಕಾರ್ಖಾನೆ. ಬಿಸಿನೀರಿನಲ್ಲಿ ನುಚ್ಚು ಕಲಸುವ ದೊಡ್ಡ ಪಾತ್ರೆಯ ಬಳಿ ನಿಂತಾಗ ನನ್ನ ಪತ್ನಿ ಮೂಗರಳಿಸಿ, "ಅಯ್ಯೋ, ಇದು ನಮ್ಮ ರಾಗಿ ಅಂಬಲಿ ವಾಸನೆ ಕಣ್ರೀ" ಎಂದಳು. ಆಕೆಯ ಮಾತು ಅಕ್ಷರಶಃ ನಿಜ. ಮಾಲ್ಟ್ ಎಂಬ ಪದವನ್ನು ನಾವು ರಾಗಿ ಮಾಲ್ಟಿನ ಮೂಲಕ ಬಲ್ಲೆವೇ ಹೊರತು ಅದರ ಅರ್ಥವನ್ನು ಯೋಚಿಸಿದವರು ಕಡಿಮೆ. ಕಾಳನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಅದೇ ಮಾಲ್ಟ್. ಮೊಳಕೆಯೊಡೆಯುವಾಗ ಕಾಳಿನೊಳಗೆ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ನಮ್ಮಲ್ಲಿ ಅದು ಎಳೆಗೂಸಿನ ಬಾಯಿಗೆ ಹೋಗುತ್ತದೆ; ಅಲ್ಲಿ ಬಾರ್ಲಿಯ ಆ ಸಿಹಿನೀರಿಗೆ ಯೀಸ್ಟ್ ಹಾಕಿ ಮರದ ಬಾನಿಗಳಲ್ಲಿ ಹುಳಿಸಿ, ಬಿಯರಿನಂಥ ದ್ರವ ಮಾಡಿ, ತಾಮ್ರದ ಹಂಡೆಗಳಲ್ಲಿ ಎರಡು ಬಾರಿ ಕುದಿಸಿ ಆವಿಯನ್ನು ತಣಿಸುತ್ತಾರೆ.

ತಾಮ್ರದ ಹಂಡೆಗಳ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ನಮ್ಮ ಬಚ್ಚಲುಮನೆಯ ಹಂಡೆಯನ್ನು ಆಳೆತ್ತರಕ್ಕೂ ಮೀರಿ ಬೆಳೆಸಿ, ಮೇಲಕ್ಕೆ ಹಂಸದ ಕೊರಳು ಜೋಡಿಸಿದಂತೆ ಅವುಗಳ ಆಕಾರ. ತಾಮ್ರವೇ ಏಕೆಂದರೆ, ಶಾಖವನ್ನು ಚೆನ್ನಾಗಿ ಹರಿಸುವುದಲ್ಲದೆ ಆವಿಯಲ್ಲಿರುವ ದುರ್ವಾಸನೆಯ ಗಂಧಕದ ಸಂಯುಕ್ತಗಳನ್ನು ಅದು ಹಿಡಿದುಕೊಳ್ಳುತ್ತದೆ. ಇಲ್ಲಿ ಆವಿಯನ್ನು ತಣಿಸುವ ಏರ್ಪಾಡೂ ಹಳೆಯದೇ. ಕಟ್ಟಡದ ಹೊರಗೆ ತಣ್ಣೀರು ತುಂಬಿದ ದೊಡ್ಡ ತೊಟ್ಟಿ, ಅದರೊಳಗೆ ಹಾವಿನಂತೆ ಸುರುಳಿ ಸುತ್ತಿ ಇಳಿಯುವ ತಾಮ್ರದ ಕೊಳವೆ. ಈ ಕಾರ್ಖಾನೆಯದೇ ಒಂದು ಪುಟ್ಟ ಮಾದರಿಯೂ ಅಲ್ಲಿದೆ. 1924-25ರಲ್ಲಿ ವೆಂಬ್ಲಿಯಲ್ಲಿ ನಡೆದ ಬ್ರಿಟಿಷ್ ಸಾಮ್ರಾಜ್ಯ ಪ್ರದರ್ಶನಕ್ಕಾಗಿ ಮಾಡಿಸಿದ್ದಂತೆ. ಇಂಥದೊಂದು ನನ್ನ ತರಗತಿಯಲ್ಲಿ ಇದ್ದಿದ್ದರೆ ಎಂದು ನಾನು ಅದನ್ನು ಬಿಟ್ಟು ಕದಲದಿದ್ದಾಗ ಮಗ ಭುಜ ಹಿಡಿದು ಕರೆದೊಯ್ಯಬೇಕಾಯಿತು.

ಮುಂದೆ ಹಿತ್ತಾಳೆಯ ಕಟ್ಟು, ಗಾಜಿನ ಬಾಗಿಲು, ಬೀಗ ಹಾಕಿದ ಒಂದು ಪೆಟ್ಟಿಗೆ. ತಣಿದ ಮದ್ಯಸಾರ ಅದರೊಳಗೆ ಕಣ್ಣಿಗೆ ಕಾಣುವಂತೆ ಹರಿಯುತ್ತದೆ, ಕೈಗೆ ಮಾತ್ರ ಸಿಗುವುದಿಲ್ಲ. ಹಿಂದೆ ಅದರ ಬೀಗದಕೈ ಅಬಕಾರಿ ಅಧಿಕಾರಿಯ ಬಳಿ ಇರುತ್ತಿತ್ತು. ನಮಗೆ ವಿವರಿಸುತ್ತಿದ್ದ ಹುಡುಗಿ ಹೇಳಿದಳು: ಮೊದಲು ಇಳಿಯುವ ಧಾರೆ ತೀಕ್ಷ್ಣ, ಅದನ್ನು ಬೇರೆ ಮಾಡುತ್ತೇವೆ, ಕೊನೆಯದು ಭಾರ, ಮಂಕು ವಾಸನೆ, ಅದನ್ನೂ ಬೇರೆ ಮಾಡುತ್ತೇವೆ, ಪೀಪಾಯಿಗೆ ಹೋಗುವುದು ನಡುವಿನದು ಮಾತ್ರ. ಎಲ್ಲಿ ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿಯೇ ವಿಸ್ಕಿಯ ಗುಣವಿದೆ.

ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ಕನ್ನಡದಲ್ಲಿ, 1989ರಲ್ಲಿ, ಒಂಬತ್ತನೆಯ ತರಗತಿಯ ಮೂರನೆಯ ಬೆಂಚಿನಿಂದ.

ಅಂದು ಆಂಶಿಕ ಆಸವನ ಪಾಠ. ಬೇರೆ ಬೇರೆ ಕುದಿಬಿಂದುಗಳುಳ್ಳ ದ್ರವಗಳನ್ನು ಹೇಗೆ ಬೇರ್ಪಡಿಸುವುದು ಎಂದು ಕೇಳಿದಾಗ ಎಂದೂ ಬಾಯಿ ಬಿಡದ ಹುಡುಗನೊಬ್ಬ ಎದ್ದು ನಿಂತ. "ಬೆಲ್ಲದ ಕೊಳೆ ಕಾಯಿಸೋವಾಗ ಮೊದ್ಲು ಬಂದಿದ್ದು ತಗೋಬಾರ್ದು ಸಾ, ತಲೆಗೆ ಹೊಡೀತದೆ. ಕೊನೇದೂ ಬ್ಯಾಡ. ನಡುವಿಂದೇ ಸರಿ. ಮೇಲಿನ ಪಾತ್ರೆ ನೀರು ಎಷ್ಟು ಸಲ ಬದ್ಲಾಯಿಸಿದ್ವಿ ಅಂತ ಲೆಕ್ಕ ಇಟ್ರೆ ಗೊತ್ತಾಗ್ತದೆ" ಎಂದ. ಇಡೀ ತರಗತಿಯಲ್ಲಿ ಆಸವನವನ್ನು ಕಣ್ಣಾರೆ ಕಂಡಿದ್ದವನು ಅವನೊಬ್ಬನೇ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ. ನಾನು ಮಾಡಿದ್ದೇನು? "ಕಳ್ಳಭಟ್ಟಿ ಇಳಿಸುವ ಮನೆಯವರಿಂದ ನನಗೆ ಪಾಠ ಬೇಕಾಗಿಲ್ಲ" ಎಂದು ಅಂಗೈಗೆ ಎರಡು ಬೆತ್ತದ ಏಟು ಕೊಟ್ಟು ಹೊರಗೆ ನಿಲ್ಲಿಸಿದೆ. ತರಗತಿ ನಕ್ಕಿತು. ಅಂದಿನಿಂದ ಅವನ ಹೆಸರು 'ಭಟ್ಟಿ' ಎಂದಾಯಿತು. ಅರ್ಧವಾರ್ಷಿಕ ಪರೀಕ್ಷೆಯ ತರುವಾಯ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ವಾರ ಸೊನ್ನೆ ಸುತ್ತಿ, ಆಮೇಲೆ ಕೆಂಪು ಶಾಯಿಯಲ್ಲಿ ಹೆಸರು ಹೊಡೆದೆ.

ನನ್ನ ಚಿಕ್ಕಪ್ಪ ಸಾರಾಯಿಯಿಂದಲೇ ಮುಗಿದುಹೋದವರು. ಚಿಕ್ಕಮ್ಮ ಮೂರು ಮಕ್ಕಳನ್ನು ಕಟ್ಟಿಕೊಂಡು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಬದುಕಿದ್ದನ್ನು ನೋಡಿ ಬೆಳೆದವನು ನಾನು. ಅಂದಿನ ನನ್ನ ಕೋಪದ ಮೂಲ ಅಲ್ಲಿರಬಹುದು. ಆದರೆ ಅದು ಆ ಹುಡುಗನ ಅಂಗೈಗೆ ಸಂಬಂಧಿಸಿದ್ದಲ್ಲ.

ಭೇಟಿಯ ಕೊನೆಗೆ ಚಿಕ್ಕ ಗಾಜಿನ ಲೋಟದಲ್ಲಿ ಎರಡು ಚಮಚದಷ್ಟು ಕೊಟ್ಟರು. ಮಗ ನನ್ನ ಮುಖ ನೋಡಿದ. ಬೇಡವೆಂದರೆ ತಾನೇ ತೆಗೆದುಕೊಳ್ಳುವವನಂತೆ ಕೈ ಚಾಚಿದ. ನಾನು ಕುಡಿದೆ. ಏಕೆ ಕುಡಿದೆನೆಂದು ಇಂದಿಗೂ ಸರಿಯಾಗಿ ಹೇಳಲಾರೆ. ಕೇಳಿಸಿಕೊಳ್ಳದ ಪಾಠವೊಂದನ್ನು ಕೊನೆಯವರೆಗೆ ಕೇಳಿಬಿಡೋಣ ಎನಿಸಿರಬೇಕು. ಮೊದಲು ಉರಿ, ಕಣ್ಣಲ್ಲಿ ನೀರು. ಆ ಹುಡುಗಿ ನಾಲ್ಕು ಹನಿ ನೀರು ಬೆರೆಸಿ ಮತ್ತೆ ಮೂಸಲು ಹೇಳಿದಳು. ಈಗ ಹುಲ್ಲು, ಜೇನು, ಸ್ವಲ್ಪ ನಿಂಬೆಸಿಪ್ಪೆ. ನೀರು ಹಾಕಿದರೆ ತೆಳುವಾಗಬೇಕಲ್ಲದೆ ಪರಿಮಳ ಹೆಚ್ಚುವುದು ಹೇಗೆ? ಮನೆಗೆ ಬಂದು ಹುಡುಕಿದಾಗ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನ ಸಿಕ್ಕಿತು. ಮದ್ಯಸಾರ ಹೆಚ್ಚಿದ್ದಾಗ ಗ್ವಾಯಕಾಲ್ ಎಂಬ ಪರಿಮಳದ ಅಣುಗಳು ದ್ರವದೊಳಗೇ ಹುದುಗಿರುತ್ತವೆ, ನೀರು ಸೇರಿಸಿದಾಗ ಮೇಲ್ಮೈಗೆ ಬರುತ್ತವೆ ಎಂದು ಗಣಕಯಂತ್ರದ ಲೆಕ್ಕಾಚಾರದಿಂದ ಅವರು ತೋರಿಸಿದ್ದಾರೆ.

ಉಳಿದ ಮೂರು ವಾರಗಳಲ್ಲಿ ಮಗ ಅಂಗಡಿಯಿಂದ 50 ಮಿಲಿಲೀಟರಿನ ಪುಟ್ಟ ಸೀಸೆಗಳನ್ನು ತಂದುಕೊಟ್ಟ. ನಾನು ಪ್ರಯೋಗಶಾಲೆಯ ದಾಖಲೆ ಪುಸ್ತಕದಂತೆ ಒಂದು ನೋಟುಬುಕ್ಕು ಮಾಡಿಕೊಂಡೆ: ಹೆಸರು, ಪ್ರದೇಶ, ಬಣ್ಣ, ವಾಸನೆ, ನೀರಿನ ಹನಿಗಳ ಸಂಖ್ಯೆ. ಒಂದು ಸಂಜೆಗೆ ಒಂದು ಚಮಚ, ಅಷ್ಟೇ. ಸ್ಕಾಚ್ ಎಂದು ಕರೆಯಿಸಿಕೊಳ್ಳಲು ಅದು ಸ್ಕಾಟ್ಲೆಂಡಿನಲ್ಲಿಯೇ ತಯಾರಾಗಿ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಅಲ್ಲಿಯೇ ಮಾಗಿರಬೇಕು, 40 ಶೇಕಡಕ್ಕಿಂತ ಕಡಿಮೆ ಮದ್ಯಸಾರ ಇರಬಾರದು. ಹಂಡೆಯಿಂದ ಇಳಿದಾಗ ಅದು ನೀರಿನಂತೆ ಬಣ್ಣವಿಲ್ಲದ್ದು. ಹೊನ್ನಿನ ಬಣ್ಣ ಬಹುಮಟ್ಟಿಗೆ ಮರದ್ದು. ಆ ಮರವೂ ಬಹುತೇಕ ಅಮೆರಿಕದ ಬರ್ಬನ್ ಅಥವಾ ಸ್ಪೇನಿನ ಶೆರ್ರಿ ಇದ್ದ ಹಳೆಯ ಪೀಪಾಯಿಯದು. ಸೀಸೆಯ ಮೇಲೆ 12 ವರ್ಷ ಎಂದಿದ್ದರೆ ಅದರೊಳಗಿನ ಅತ್ಯಂತ ಕಿರಿಯ ವಿಸ್ಕಿಯ ವಯಸ್ಸದು. ಸ್ಪೇಸೈಡ್ ಪ್ರದೇಶದವು ಸೇಬು, ಪೇರಲೆಯಂಥ ಹಣ್ಣಿನ ನೆನಪು ತಂದವು, ಹೆಚ್ಚು ಹೇಳುವಂಥದ್ದಿಲ್ಲ. ಆದರೆ ಐಲಾ ದ್ವೀಪದ ಲಫ್ರಾಯ್ಗ್ ಸೀಸೆಯ ಮುಚ್ಚಳ ತೆಗೆದಾಗ ಪತ್ನಿ ಒಳಗಿನ ಕೋಣೆಯಿಂದಲೇ, "ಯಾರಿಗೆ ಗಾಯ ಆಯ್ತು?" ಎಂದು ಓಡಿಬಂದಳು. ಡೆಟಾಲಿನ ವಾಸನೆಯೇ ಸರಿ. ಅಲ್ಲಿ ಮೊಳಕೆಯ ಬಾರ್ಲಿಯನ್ನು ಒಣಗಿಸಲು ಪೀಟ್ ಎಂಬ ಜೌಗುನೆಲದ ಮಣ್ಣುಗಡ್ಡೆ ಉರಿಸುತ್ತಾರೆ. ಅದರ ಹೊಗೆಯ ಫೀನಾಲುಗಳು ಕಾಳಿಗೆ ಹತ್ತಿ ಸೀಸೆಯವರೆಗೂ ಉಳಿದುಬರುತ್ತವೆ. ನನಗೇಕೋ ಅದೇ ಹೆಚ್ಚು ಹಿಡಿಸಿತು. ಆಸ್ಪತ್ರೆಯ ವಾಸನೆ ಆರಿದ ಮೇಲೆ ಉಳಿದದ್ದು ಮಳೆಗಾಲದಲ್ಲಿ ನಮ್ಮ ಮಲೆನಾಡಿನ ಮನೆಯ ಅಟ್ಟದ ವಾಸನೆ. ಬಚ್ಚಲೊಲೆಯ ಹೊಗೆ ಹತ್ತಿದ ಜಂತಿ, ಒದ್ದೆ ಕಂಬಳಿ.

ಓದುತ್ತ ಹೋದಂತೆ ಇನ್ನೊಂದು ಸಂಗತಿ ನನ್ನನ್ನು ಕುಟುಕಿತು. ಅಲ್ಲಿಯ ದಾಖಲೆಗಳಲ್ಲಿ 1494ರಷ್ಟು ಹಿಂದೆಯೇ ಜಾನ್ ಕಾರ್ ಎಂಬ ಸನ್ಯಾಸಿಗೆ ಮದ್ಯಸಾರ ತಯಾರಿಸಲು ಮಾಲ್ಟ್ ಕೊಟ್ಟ ಉಲ್ಲೇಖವಿದೆ. ಆದರೆ ಹೈಲೆಂಡಿನ ಕಣಿವೆಗಳಲ್ಲಿ ಬಹುಕಾಲ ನಡೆದದ್ದು ಶುದ್ಧ ಕಳ್ಳಭಟ್ಟಿ. ತೆರಿಗೆ ತೆರಲಾರದ ಬಡ ಒಕ್ಕಲಿಗರು ಗುಡ್ಡದ ಮರೆಯಲ್ಲಿ ರಾತ್ರಿ ಹಂಡೆ ಹೂಡುವರು, ಅಬಕಾರಿಯವರು ಹೊಗೆ ನೋಡಿ ಬೆನ್ನಟ್ಟುವರು. ಕವಿ ರಾಬರ್ಟ್ ಬರ್ನ್ಸ್ ಕೂಡ 1789ರಿಂದ ಅಬಕಾರಿ ನೌಕರನಾಗಿದ್ದವನು. 1823ರ ಕಾನೂನು ಸುಂಕವನ್ನು ಇಳಿಸಿ, ವರ್ಷಕ್ಕೆ 10 ಪೌಂಡಿನ ಪರವಾನಗಿ ಇಟ್ಟಿತು. ಮರುವರ್ಷವೇ ಗ್ಲೆನ್‌ಲಿವೆಟ್ ಕಣಿವೆಯ ಜಾರ್ಜ್ ಸ್ಮಿತ್ ಪರವಾನಗಿ ಪಡೆದ. ಕಳ್ಳಭಟ್ಟಿಯ ನೆರೆಹೊರೆಯವರಿಗೆ ಹೆದರಿ ಸೊಂಟದಲ್ಲಿ ಎರಡು ಪಿಸ್ತೂಲು ಇಟ್ಟುಕೊಂಡು ತಿರುಗುತ್ತಿದ್ದನಂತೆ. ಅವರ ಕೈಚಳಕವೇ ಇಂದು ದೇಶದ ಹೆಮ್ಮೆಯಾಗಿ ಗಾಜಿನ ಪೆಟ್ಟಿಗೆಯಲ್ಲಿ ಹರಿಯುತ್ತಿದೆ, ದುಡ್ಡು ಕೊಟ್ಟು ನಾವು ನೋಡಿಬಂದೆವು.

ಕಳ್ಳಭಟ್ಟಿಯನ್ನು ನಾನು ಹೊಗಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ನಮ್ಮ ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈಯಲ್ಲಿ; 2008ರ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡು ಗಡಿಭಾಗದಲ್ಲಿ ವಿಷಮದ್ಯ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಅದು ಮೆಥನಾಲ್ ಬೆರೆಸಿ ಮಾರಿದವರ ಪಾತಕ. ಲೆಕ್ಕವಿಟ್ಟು ನೀರು ಬದಲಾಯಿಸುತ್ತಿದ್ದ ಮನೆಯ ಕಥೆ ಬೇರೆ. ಎರಡಕ್ಕೂ ಒಂದೇ ಬೆತ್ತ ಹಿಡಿದಿದ್ದು ನನ್ನ ತಪ್ಪು.

ಊರಿಗೆ ಮರಳಿದ ಮೇಲೆ ತಿಳಿದ ಒಂದು ಸ್ವಾರಸ್ಯವನ್ನೂ ಹೇಳಿಬಿಡುತ್ತೇನೆ. ನಮ್ಮ ಬೆಂಗಳೂರಿನ ಅಮೃತ್ ಕಂಪನಿ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಮಾರುಕಟ್ಟೆಗೆ ತಂದದ್ದು ಗ್ಲಾಸ್ಗೋ ನಗರದಲ್ಲಿ. ಕೊಲ್ಲನ ಬೀದಿಯಲ್ಲಿಯೇ ಸೂಜಿ ಮಾರಿದಂತೆ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಶೇಕಡ ಆವಿಯಾಗುತ್ತದೆ, ಅದನ್ನು ದೇವತೆಗಳ ಪಾಲು ಎನ್ನುತ್ತಾರೆ. ಬೆಂಗಳೂರಿನಲ್ಲಿ 10 ಶೇಕಡವನ್ನೂ ಮೀರುತ್ತದೆ. ನಮ್ಮ ದೇವತೆಗಳಿಗೆ ಬಾಯಾರಿಕೆ ಹೆಚ್ಚು.

2024ರ ಡಿಸೆಂಬರಿನಲ್ಲಿ ಆ ತಂಡದವರು ಗುರುವಂದನೆಗೆ ಕರೆದರು. ಶಾಲು ಹೊದಿಸಿಕೊಂಡ ಮೇಲೆ ನಾನು ಮೊದಲು ವಿಚಾರಿಸಿದ್ದು ಅಲ್ಲಿಗೆ ಬಾರದಿದ್ದ ಅವನನ್ನು. ಒಬ್ಬರು ದೂರವಾಣಿ ಸಂಖ್ಯೆ ಕೊಟ್ಟರು. ಸಂಖ್ಯೆಯನ್ನು ನಾಲ್ಕು ದಿನ ಮೇಜಿನ ಮೇಲೆ ಇಟ್ಟುಕೊಂಡಿದ್ದು, ಐದನೆಯ ದಿನ ಕರೆ ಮಾಡಿದೆ. ಈಗ ಅವನು ಲಾರಿ ದುರಸ್ತಿಯ ಗ್ಯಾರೇಜು ನಡೆಸುತ್ತಾನೆ. ಹೆಸರು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆರೋಗ್ಯನಾ ಸಾ?" ಎಂದ. ಗ್ಲೆನ್‌ಕಿಂಚಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಅಂದು ನೀನು ಹೇಳಿದ ಉತ್ತರ ಸರಿಯಾಗಿತ್ತು, ತಪ್ಪಿದವನು ನಾನು, ಎಂದೂ ಹೇಳಿದೆ.

"ಅದು ನಂಗೆ ಗೊತ್ತಿತ್ತು ಸಾ" ಎಂದ. ಸಿಟ್ಟಿನಿಂದಲ್ಲ. "ಏಟು ಬಿಡಿ, ಎಲ್ರಿಗೂ ಬೀಳ್ತಿತ್ತು. ಆದ್ರೆ ನೀವು ಮನೆಯವ್ರನ್ನ ಅಂದ್ರಲ್ಲ. ಕಾಯಿಸ್ತಾ ಇದ್ದಿದ್ದು ಅಪ್ಪ ಅಲ್ಲ, ಅವ್ವ. ಅಪ್ಪ ಹೋದ್ಮೇಲೆ ನಮ್ಮನ್ನ ಸಾಕಿದ್ದೇ ಅದ್ರಲ್ಲಿ. ತಾನು ಒಂದು ತೊಟ್ಟು ಕುಡಿದವಳಲ್ಲ, ಬರೀ ಮೂಸಿ ಹೇಳ್ತಿದ್ಲು."

ನನಗೆ ಮಾತು ಹೊರಡಲಿಲ್ಲ. ಹಿನ್ನೆಲೆಯಲ್ಲಿ ಯಾರೋ ಕಬ್ಬಿಣ ಬಡಿಯುವ ಸದ್ದು ಕೇಳುತ್ತಿತ್ತು. ಸ್ವಲ್ಪ ತಡೆದು ಅವನೇ ಕೇಳಿದ: "ಅಲ್ಲ ಸಾ, ಅಲ್ಲಿ ಆ ಮೊದ್ಲಿಂದು ಕೊನೇದು ಏನ್ ಮಾಡ್ತಾರೆ? ಚೆಲ್ತಾರಾ?"

ಚೆಲ್ಲುವುದಿಲ್ಲ, ಮುಂದಿನ ಸಲದ ಕಾಯಿಸುವಿಕೆಗೆ ಸೇರಿಸುತ್ತಾರೆ ಎಂದೆ.

"ಅವ್ವನೂ ಹಂಗೇ ಮಾಡ್ತಿದ್ಲು" ಎಂದ.